ಒಂದೇ ಮಾತಿನ ಇಂಗ್ಲಿಷ್

ಇಂಗ್ಲಿಷ್ ಏನು ಮಹಾ! ಎಂಟನೇ ಕ್ಲಾಸಿನಲ್ಲಿ ಫೇಲಾದವನಿಗೂ ಒಂದೇ ಸಂಜೆಯಲ್ಲಿ ಬರುತ್ತದೆ. ನನಗೆ ಬಂತು.

ಕೆಂಪಾಪುರದಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗಿಯ ಅಪ್ಪ ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ನನ್ನ ಅಮ್ಮನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು.

"ಕೆಲ್ಸ ಇಲ್ದೋನು ನನ್ ಮಗಳನ್ನ ಏನ್ ನೋಡ್ಕೊತಾನಮ್ಮಾ? ನಮ್ ಫ್ಯಾಕ್ಟ್ರೀಲಿ ಹೆಲ್ಪರ್ ಕೆಲ್ಸ ಐತೆ. ಸಿಕ್ರೆ ಮದ್ವೆ. ಇಲ್ದಿದ್ರೆ ಇಲ್ಲ."

ಸೋಮವಾರ ಇಂಟರ್‌ವ್ಯೂ. ಅದೂ ಇಂಗ್ಲಿಷಿನಲ್ಲಂತೆ. ಭಾನುವಾರ ಸಂಜೆ ಪಕ್ಕದ ಮನೆಯ ಗುಮಾಸ್ತ ನಾಗರಾಜಣ್ಣನ ಹತ್ತಿರ ಓಡಿದೆ.

"'ಲುಕ್ ಆಫ್ಟರ್' ಕಲ್ತ್ಕೊ, ಸಾಕು," ಅಂದ. "ಅಂದ್ರೆ ನೋಡ್ಕೊಳ್ಳೋದು. ಮಗೂನೂ ಲುಕ್ ಆಫ್ಟರ್, ಮಿಷನ್ನೂ ಲುಕ್ ಆಫ್ಟರ್, ಆಫೀಸೂ ಲುಕ್ ಆಫ್ಟರ್. ಏನ್ ಕೇಳಿದ್ರೂ ಧೈರ್ಯವಾಗಿ ಬಿಡು ಮಗಾ!"

ಬಿಟ್ಟೆ.

ಟೈ ಕಟ್ಟಿದ ಸಾಹೇಬರು ಕೇಳಿದರು, "ವಾಟ್ ಈಸ್ ಯುವರ್ ಫಾದರ್?"

"ಐ ಲುಕ್ ಆಫ್ಟರ್ ಫಾದರ್, ಸಾರ್!"

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು.

"ಮ್ಯಾರೀಡ್?"

"ಐ ಲುಕ್ ಆಫ್ಟರ್ ಮ್ಯಾರೀಡ್, ಸಾರ್!"

ಕುರ್ಚಿಯ ತುದಿಗೆ ಸರಿದು ಕೂತೆ.

"ಸಪೋಸ್, ಫೈರ್ ಇನ್ ಫ್ಯಾಕ್ಟರಿ?"

ಫೈರ್ ನನಗೆ ಗೊತ್ತಿತ್ತು! ಎದೆಯುಬ್ಬಿಸಿ ಹೇಳಿದೆ, "ಐ ಲುಕ್ ಆಫ್ಟರ್ ಫೈರ್, ಸಾರ್!"

ಸಾಹೇಬರು ಪೆನ್ನು ಕೆಳಗಿಟ್ಟರು.

"ಬೆಂಕಿಗೆ ಹಾಲ್ ಕುಡಿಸಿ ಜೋಪಾನ ಮಾಡ್ತೀಯೇನೋ ತಮ್ಮಾ?"

ಅಪ್ಪಟ ಧಾರವಾಡದ ಕನ್ನಡ!

"ಕನ್ನಡ ಬರ್ತೈತಿಲ್ಲ ನಿನಗ?"

ನನ್ನ ನಾಲಿಗೆ ಆಗಲೇ ನನ್ನ ಅಧೀನದಲ್ಲಿರಲಿಲ್ಲ.

"ಕನ್ನಡ ಆಲ್ಸೋ ಐ ಲುಕ್ ಆಫ್ಟರ್, ಸಾರ್!"

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇಷ್ಟೆಲ್ಲಾ ನೋಡ್ಕೊಳ್ಳಾಂವಗ ಹೆಲ್ಪರ್ ಕೆಲಸ ಸಾಲಂಗಿಲ್ಲ ಬಿಡು. ಗೇಟಿನ ಬಾಜೂಕ ಸೈಕಲ್ ಸ್ಟ್ಯಾಂಡ್ ಐತಿ. ನಾಳಿಂದ ಅದನ್ನ ನೋಡ್ಕೋ ಹೋಗು."

ಹೋಗಲಿ, ಅದೂ ಫ್ಯಾಕ್ಟರಿಯೇ ತಾನೆ! ಮಗನಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿತೆಂದು ಅಮ್ಮ ನಮ್ಮ ಅಮೃತಹಳ್ಳಿಗೆಲ್ಲಾ ಸಕ್ಕರೆ ಹಂಚಿದಳು.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಬಂದ ಮೊದಲ ಸೈಕಲ್ಲೇ ಹುಡುಗಿಯ ಅಪ್ಪನದು.

"ಏನಪ್ಪಾ, ಹೆಲ್ಪರ್ ಆದ್ಯಾ?"

"ಇಲ್ಲ ಮಾವ. ಸೈಕಲ್ ನೋಡ್ಕೊತೀನಿ."

ಅವರು ನನ್ನನ್ನು ನೋಡಿದರು. ಸೈಕಲ್ಲನ್ನು ನೋಡಿದರು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದರು. ಯಾಕೋ ನಿಂತರು. ವಾಪಸು ಬಂದು, ತಮ್ಮ ಟೂಲ್ ಬಾಕ್ಸಿನ ಬೀಗ ತೆಗೆದು, ಆ ಬೀಗವನ್ನೂ ಸೈಕಲ್ ಚೈನಿಗೆ ಜಡಿದು ಹೋದರು.

ಸೈಕಲ್ಲಿಗೇ ಎರಡು ಬೀಗ. ಇನ್ನು ಮಗಳು!