ಕೈ ಬೀಸಿದರೆ ಬೆಳಕು

ಜನ ಇಲ್ಲದಾಗ ತನ್ನಷ್ಟಕ್ಕೆ ಆರುವ ಲೈಟು, ತನ್ನಷ್ಟಕ್ಕೆ ನಿಲ್ಲುವ ಏಸಿ ಕೂರಿಸುವುದು ನನ್ನ ಕೆಲಸ. ಇದರಲ್ಲಿ ಕರೆಂಟು ಉಳಿಯುತ್ತದೆ, ಮರ್ಯಾದೆ ಉಳಿಯುವುದು ಮಾತ್ರ ಕಷ್ಟ. ಬಿ.ಸಿ.ರೋಡಿನ ನನ್ನ ಅಂಗಡಿಗೆ ಉಜಿರೆಯ ಒಂದು ಕಾಲೇಜೇ ಮೊದಲ ದೊಡ್ಡ ಗಿರಾಕಿ. ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು, "ಬಿಲ್ಲು ಇಳಿಯಬೇಕು, ದೂರು ಬರಬಾರದು. ಬಂದರೆ ಎಲ್ಲ ಬಿಚ್ಚಿಕೊಂಡು ಹೋಗಿ." ಅಲ್ಲಿ ಬಿಚ್ಚಿದರೆ ಮೂಡಬಿದಿರೆಯವರೆಗೂ ನನ್ನ ಹೆಸರು ಹೋದಂತೆ.

ಬಿಲ್ಲೇನೋ ಇಳಿಯಿತು.

೧

ಸ್ಟಾಫ್ ರೂಮಿನ ಸೆನ್ಸರಿಗೆ ಅಲುಗಾಡುವ ಮನುಷ್ಯ ಬೇಕು. ಗಣಿತದ ಸರ್ ಪೇಪರ್ ತಿದ್ದಲು ಕೂತರೆ ಅಲುಗಾಡುವವರಲ್ಲ. ಲೈಟು ಆರಿದಾಗೆಲ್ಲ ತಲೆ ಎತ್ತದೆ ಕೈ ಮಾತ್ರ ಎತ್ತಿ ಬೀಸುತ್ತಿದ್ದರು. ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದ ಮಕ್ಕಳು, ಕಿಟಕಿಯಲ್ಲಿ ನೋಡಿ, ತಮಗೇ ಟಾಟಾ ಮಾಡುತ್ತಿದ್ದಾರೆಂದು ತಿರುಗಿ ಕೈ ಬೀಸಲಿಕ್ಕೆ ಶುರುಮಾಡಿದರು.

ನಾನು ಸರಿಮಾಡಲು ಹೋದರೆ ಸರ್ ತಡೆದರು. "ಇರಲಿ ಮಾರಾಯ್ರೇ. ಮಕ್ಕಳು ನನ್ನನ್ನು ನೋಡಿ ನಗಾಡಿದ್ದು ಇದೇ ಮೊದಲು."

೨

ಆಫೀಸಿನ ಏಸಿಯನ್ನು ಇಪ್ಪತ್ತೈದು ಡಿಗ್ರಿಗೆ ಕಟ್ಟಿಹಾಕಿದ್ದೆ. ಒಂದು ದಿನ ಹೋದರೆ ಸೂಪರಿಂಟೆಂಡೆಂಟರು ಶಾಲು ಹೊದ್ದು ಕೂತಿದ್ದಾರೆ, ಏಸಿ ಭರ್ರೆಂದು ಓಡುತ್ತಾ ಉಂಟು. ಗೋಡೆಯಲ್ಲಿ ಸೆಖೆ ಅಳೆಯುವ ನನ್ನ ಪೆಟ್ಟಿಗೆ, ಅದರ ಬುಡಕ್ಕೇ ಕಪಾಟಿನ ಮೇಲೆ ಹಬೆಯಾಡುವ ಒಂದು ಗ್ಲಾಸು ಚಾ.

"ಚಾ ಯಾರಿಗೆ ಸರ್?"

"ಅದಕ್ಕೆ" ಅಂತ ಪೆಟ್ಟಿಗೆ ತೋರಿಸಿದರು. "ನಾವೆಷ್ಟು ಸೆಖೆ ಅಂದರೂ ಅದು ನಂಬುವುದಿಲ್ಲ. ಒಂದು ಚಾ ಕೊಟ್ಟರೆ ಕೂಡಲೇ ಕೆಲಸ ಆಗ್ತದೆ."

೩

ಚಾದ ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತು. "ಇನ್ನು ಒಂದು ಎಡವಟ್ಟಾದರೂ ಬಿಚ್ಚುವುದೇ" ಅಂದರು.

ಅದೇ ವಾರ ಕಾಲೇಜಿನ ಸಭಾಂಗಣದಲ್ಲಿ ತಾಳಮದ್ದಳೆ, ಅಲ್ಲಿಯ ಲೈಟಿಗೂ ನನ್ನದೇ ಸೆನ್ಸರು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಮಾತು ಚಂದ ಇದ್ದರೆ ಸಭೆಯೂ ಅಲುಗಾಡುವುದಿಲ್ಲ, ಅದೇ ನನಗೆ ಹೆದರಿಕೆ. ಆ ದಿನ ಮಾತು ಬಹಳ ಚಂದ ಇತ್ತು. ದೇವರು ಯುದ್ಧದ ನಡುವೆ ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡುವ ಕಥೆ. ದೇವರ ಮಾತು ಆಡುವ ಅರ್ಥಧಾರಿ ಇನ್ನೇನು ಚಕ್ರ ಎತ್ತಬೇಕು, ಲೈಟೆಲ್ಲ ಆರಿತು.

ಕತ್ತಲಲ್ಲಿ ಅರ್ಥಧಾರಿಯ ಸ್ವರ ನಿಧಾನಕ್ಕೆ ಬಂತು, "ಹೊತ್ತು ಮುಳುಗಿತೆಂದು ಶತ್ರು ನಂಬಿದ್ದಾನೆ. ನೀನು ನಂಬಬೇಡ, ಬಾಣ ಹೂಡು."

ಸಭೆ ಚಪ್ಪಾಳೆ ಹೊಡೆಯಿತು. ಅಷ್ಟು ಕೈ ಅಲುಗಾಡಿದ್ದೇ ತಡ, ಲೈಟು ಬಂತು.

"ಅಗೋ ಸೂರ್ಯ" ಅಂದರು ಅರ್ಥಧಾರಿ.

ಮುಗಿದ ಮೇಲೆ ಮುಖ್ಯ ಅತಿಥಿಗಳು ಪ್ರಿನ್ಸಿಪಾಲರ ಕೈ ಹಿಡಿದು, "ಎಂಥ ಲೈಟಿಂಗ್ ಮಾರಾಯ್ರೇ, ಯಾರ ಯೋಚನೆ?" ಅಂತ ಕೇಳಿದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಲೂ ಇಲ್ಲ. "ನನ್ನದೇ" ಅಂದರು.

ಮರುದಿನ ಅವರದ್ದೇ ಫೋನ್. ಬಿಚ್ಚಲಿಕ್ಕೆ ಹೇಳ್ತಾರೆ ಅಂತ ಎಣಿಸಿ ಎತ್ತಿದೆ.

"ಲೈಬ್ರೆರಿಗೂ ಹಾಕುವ" ಅಂದರು. ಆಮೇಲೆ ಸ್ವರ ತಗ್ಗಿಸಿ, "ಮುಂದಿನ ತಿಂಗಳು ಲಂಕೆ ಸುಡುವ ಕಥೆ ಉಂಟು. ಬೆಂಕಿಗೆ ನಿಮ್ಮಲ್ಲಿ ಏನುಂಟು?"