ನಾಲ್ವರಿಗೊಂದು ಹಗುರ ಟೆಂಟು

ಜನ ಟೆಂಟು ಕೊಳ್ಳುವುದು ಕಾಡು, ಬೆಟ್ಟ ಸುತ್ತುವ ಖುಷಿಗೆ. ನಾನು ಕೊಳ್ಳಹೊರಟಿದ್ದು ‘ನೀವು ಯಾವ ಪೈಕಿ?’ ಅನ್ನುವ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಕ್ಕೆ. ಜಾತಿ ಯಾವುದು ಅಂತ ಮರ್ಯಾದೆಯಾಗಿ ಕೇಳುವುದು ನಮ್ಮ ಕಡೆ ಹೀಗೆ. ನಂಜನಗೂಡಿನಲ್ಲಿ ಸರ್ಕಾರಿ ಗುಮಾಸ್ತನಾದ ಮೇಲೆ ಈ ಪ್ರಶ್ನೆ ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಕೊನೆಗೊಂದು ‘ಸಾರ್’ ಸೇರಿಕೊಂಡಿತು, ಅಷ್ಟೆ. ಹೆಂಡತಿ, ಮಗಳು, ಅವ್ವ, ನಾನು ನಾಲ್ಕೂ ಜನ ಎಲ್ಲಾದರೂ ಹೋಗಿ, ಯಾರಿಗೂ ಏನೂ ಉತ್ತರ ಹೇಳದೆ ಉಳಿದು ಬರಬೇಕು ಅನ್ನುವುದು ನನ್ನ ಆಸೆ. ಹೊರಟಾಗಲೆಲ್ಲ ಏನಾದರೊಂದು ಆಗೇ ಆಗುತ್ತದೆ.

ಛತ್ರದ ಬೀಗದ ಕೈ

ತೊಂಬತ್ತರ ದಶಕದ ಒಂದು ದಸರಾ ರಜೆ. ತಲಕಾಡಿನ ಮರಳಿನಲ್ಲಿ ಆಡಿ ಮಗಳು ಸುಸ್ತಾಗಿದ್ದಳು. ಸಂಜೆ ಒಂದು ಛತ್ರಕ್ಕೆ ಹೋದೆವು. ನೋಡಿಕೊಳ್ಳುವವನು ಎದ್ದು ನಿಂತೇ ಬರಮಾಡಿಕೊಂಡ.

“ಯಾವೂರು ಸಾ?”

“ನಂಜನಗೂಡು.”

“ಟೌನಾ?”

“ಪಕ್ಕದ ಹಳ್ಳಿ.”

“ಅಳ್ಳೀಲಿ ಯಾವ ಬೀದಿ?”

ನಮ್ಮ ಬೀದಿಯ ಹೆಸರು ಹೇಳಿದರೆ ಜಾತಿಯನ್ನು ಬೇರೆ ಹೇಳಬೇಕಾಗಿಲ್ಲ. ಹೇಳಿದೆ. ನಿಂತಿದ್ದವನು ಕೂತ. “ರೂಮು ಖಾಲಿ ಇಲ್ಲ ಸಾ” ಅಂದ. ಅವನ ಬೆನ್ನ ಹಿಂದೆ, ಗೋಡೆಯಲ್ಲಿ, ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು.

ಕೊನೆಯ ಬಸ್ಸಿಗೆ ಓಡುವಾಗ ಹೆಂಡತಿ ಕೇಳಿದಳು, “ರೀ, ಆ ಬೀಗದ ಕೈಗಳೆಲ್ಲ ಯಾವ ಬೀದಿಯವಂತೆ?”

ಶಾಮಿಯಾನದವರ ಸಲಹೆ

ಇನ್ನು ನಮ್ಮದೇ ಟೆಂಟು ಅಂತ ಅವತ್ತೇ ತೀರ್ಮಾನಿಸಿದೆ. ಆದರೆ ಟೆಂಟು ಎಲ್ಲಿ ಸಿಗುತ್ತದೆ? ನನಗೆ ಗೊತ್ತಿದ್ದದ್ದು ನರಸೀಪುರದ ಶಾಮಿಯಾನದ ಅಂಗಡಿ ಒಂದೇ. ಹೆಂಡತಿಯ ಜೊತೆ ಹೋದೆ.

“ಮದ್ವೆಗಾ, ತಿಥಿಗಾ?” ಅಂದರು ಅಂಗಡಿಯವರು.

“ಎರಡಕ್ಕೂ ಅಲ್ಲ. ಮನೆಯವರು ನಾಲ್ಕು ಜನ ಮಲಗೋಕೆ. ಹೊತ್ಕೊಂಡು ನಡೆಯೋ ಹಾಗೆ ಹಗುರ ಇರ್ಬೇಕು.”

“ಮನೆ ಬಿದ್ದೋಯ್ತಾ ಸಾ?”

“ಇಲ್ಲ, ಚೆನ್ನಾಗೇ ಇದೆ.”

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು, “ಅಕ್ಕಾ, ಯಜಮಾನ್ರನ್ನ ಯಾರಾದ್ರೂ ಡಾಕ್ಟ್ರಿಗೆ ತೋರಿಸಿದ್ದೀರಾ?”

ಬಸ್ಸಿನಲ್ಲಿ

ಮೈಸೂರಿನಲ್ಲಿ ಹಳೇ ಸಾಮಾನು ಮಾರುವವನೊಬ್ಬ ದಪ್ಪ ಕ್ಯಾನ್ವಾಸಿನ ಟೆಂಟು ತೋರಿಸಿ ‘ಹೂವಿನಷ್ಟು ಹಗುರ’ ಅಂದ. ನಾನೂ ನಂಬಿದೆ. ನಂಬುವ ವಿಷಯದಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ರಜೆ ಬಂದಾಗ ನಾಲ್ಕೂ ಜನ ಹೊರಟೆವು. ಕಬ್ಬಿಣದ ಕಂಬಗಳ ಸಮೇತ ಅದನ್ನು ಮನೆಯಿಂದ ನಂಜನಗೂಡಿನ ಬಸ್‌ಸ್ಟ್ಯಾಂಡಿಗೆ ತರುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು. “ಇದನ್ನ ಓರೋ ಬದ್ಲು ಮನೇನೇ ಓತ್ಕೊಂಡು ಬರ್ಬೋದಿತ್ತು ಕಣಪ್ಪಾ” ಅಂದಳು ಅವ್ವ.

ಕಂಡಕ್ಟರು ಕೈಜೋಡಿಸಿ ಒಂದು ತುದಿ ಎತ್ತಿ, ಹಾಗೇ ಕೆಳಗಿಟ್ಟರು.

“ಒಳಗೆ ಯಾರಾದ್ರೂ ಅವ್ರಾ ಸಾ? ಇದ್ರೆ ಯೋಳ್ಬುಡಿ, ಅವ್ರಿಗೂ ಟಿಕೆಟ್ ಮಾಡ್ಬೇಕು.”

ಡ್ರಾಯರು

ನನ್ನ ಟೆಂಟಿನ ಹುಚ್ಚು ಕಚೇರಿಯಲ್ಲೂ ಸುದ್ದಿಯಾಯಿತು. ಪಕ್ಕದ ಟೇಬಲ್ಲಿನ ಸಹೋದ್ಯೋಗಿ ತಿಳಿದವರು. ನನಗೆ ಬುದ್ಧಿ ಹೇಳಿದರು, “ಈಗೆಲ್ಲಿದೆ ಸಾರ್ ಜಾತಿ? ಎಲ್ಲ ನಿಮ್ಮ ಮನಸ್ಸಿನಲ್ಲಿದೆ.”

ಅಷ್ಟರಲ್ಲಿ ಟೀ ಬಂತು. ಅವರು ಡ್ರಾಯರಿನ ಬೀಗ ತೆಗೆದು ತಮ್ಮ ಸ್ವಂತ ಲೋಟ ಹೊರಗಿಟ್ಟರು. ನಾವೆಲ್ಲ ಕುಡಿಯುವ ಲೋಟದಲ್ಲಿ ಅವರು ಕುಡಿದದ್ದನ್ನು ನಾನು ನೋಡಿಯೇ ಇಲ್ಲ.

“ಮನಸ್ಸಿನಲ್ಲಿ ಇತ್ತು ಸಾರ್, ನಿಜ” ಅಂದೆ. “ಈಗ ಡ್ರಾಯರಿನಲ್ಲಿದೆ.”

ಬೆಂಗಳೂರಿನ ಅಂಗಡಿ

ಎರಡು ಸಾವಿರ ಇಸವಿ ದಾಟಿದ ಮೇಲೆ ಬೆಂಗಳೂರಿನಲ್ಲಿ ಹಗುರ ಟೆಂಟು ಮಾರುವ ಅಂಗಡಿ ಇದೆ ಅಂತ ಗೊತ್ತಾಯಿತು. ಮಾರುವ ಯುವಕ ನೈಲಾನ್ ಟೆಂಟಿನ ಚೀಲವನ್ನು ಒಂದೇ ಬೆರಳಿಗೆ ನೇತುಹಾಕಿ ತೋರಿಸಿದ. ಗಾಳಿ ಹೇಗೆ ಆಡುತ್ತದೆ, ಕಡ್ಡಿಗಳು ಹೇಗೆ ಮಡಚಿಕೊಳ್ಳುತ್ತವೆ, ಎಲ್ಲ ವಿವರಿಸಿದ. ನನಗೆ ಕಣ್ಣು ತುಂಬಿ ಬಂತು. ಇಷ್ಟು ಸುಲಭದ ಸಾಮಾನಿಗೆ ಇಷ್ಟು ವರ್ಷ ಅಲೆದಿದ್ದೆ.

“ಎಲ್ಲಿಗೆ ಸಾರ್ ಟ್ರೆಕ್ಕಿಂಗು? ಹಿಮಾಲಯಕ್ಕಾ?”

“ಮೊದಲು ತಲಕಾಡು, ನರಸೀಪುರದ ಕಡೆ.”

ಅವನ ಮುಖದಲ್ಲಿ ನಿಜವಾದ ಕಾಳಜಿ ಕಂಡಿತು. “ಅಯ್ಯೋ ಸಾರ್, ಅಲ್ಲಿ ಒಳ್ಳೊಳ್ಳೆ ಛತ್ರಗಳಿವೆಯಲ್ಲ. ಸುಮ್ಮನೆ ಯಾಕೆ ಖರ್ಚು?”

ಮೇಲಿನ ಬಟ್ಟೆ

ಅಂತೂ ನರಸೀಪುರದಾಚೆ ಹೊಳೆ ದಂಡೆಯಲ್ಲಿ ಟೆಂಟು ಎದ್ದು ನಿಂತಿತು. ಒಳಗೆ ಸೊಳ್ಳೆಪರದೆಯಂಥ ತೆಳು ಬಟ್ಟೆ, ಅದರ ಮೇಲೆ ಮಳೆ ತಡೆಯುವ ಇನ್ನೊಂದು ಬಟ್ಟೆ. ಕಾಲು ಚಾಚಿ ಕೂತ ಅವ್ವನ ಮುಖ ನೋಡಿ, ಸದ್ಯ, ಗೆದ್ದೆ ಅಂದುಕೊಂಡೆ.

ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಹೊಳೆಯಲ್ಲಿ ಮಿಂದು ಬರುತ್ತಿದ್ದ ಪಂಚೆಯ ಹಿರಿಯರೊಬ್ಬರು ನಮ್ಮತ್ತ ಓಡಿ ಬಂದರು. ಹತ್ತಿರದಲ್ಲಿ ಒಂದು ಮರವೂ ಇರಲಿಲ್ಲ.

“ಬನ್ನಿ ಸ್ವಾಮಿ, ನೆನೀಬ್ಯಾಡಿ” ಅಂದಳು ಅವ್ವ.

ಅವರು ಒಂದು ಕಾಲು ಒಳಗಿಟ್ಟರು. ಇನ್ನೊಂದು ಹೊರಗಿರುವಾಗಲೇ ಕೇಳಿದರು, “ನೀವು ಯಾವ ಪೈಕಿ?”

ನನಗೆ ಮೈಯೆಲ್ಲ ಉರಿಯಿತು. ಊರು ಬಿಟ್ಟು ಬಂದು ಬಟ್ಟೆಯ ಮನೆ ಕಟ್ಟಿಕೊಂಡರೂ ಅದು ಬಿಡಲಿಲ್ಲವಲ್ಲ. ಅವ್ವ ಮಾತ್ರ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಒಳಗಿದ್ದ ಕಾಲು ಹೊರಗೆ ಹೋಯಿತು. ಆ ಮನುಷ್ಯ ಸುರಿಯುವ ಮಳೆಯಲ್ಲಿ ನಡುಗುತ್ತ ನಿಂತರು.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ದನಿ ಬಂತು. “ಅಮ್ಮಾ, ಆ ಮೇಲಿನ ಬಟ್ಟೆ ಬಿಚ್ಚಿ ಕೊಟ್ರೆ ತಲೆ ಮೇಲೆ ಹಾಕ್ಕೊತೀನಿ.”

“ನಾವು ಮುಟ್ಟಿರೋ ಬಟ್ಟೆ ನಿಮಗೆ ಆಗುತ್ತಾ ತಾತ?” ಅಂದಳು ಮಗಳು.

“ಮಳೇಲಿ ಚೆನ್ನಾಗಿ ನೆಂದದಲ್ಲ ಮಗಾ. ಮೈಲಿಗೆ ಎಲ್ಲ ತೊಳ್ಕೊಂಡು ಹೋಗಿರ್ತದೆ.”

ನಾನು ಬಾಯಿ ತೆರೆಯುವ ಮೊದಲೇ ಅವ್ವ, ತುಂಬ ಮರ್ಯಾದೆಯಿಂದ, ಹೇಳಿದಳು: “ಬ್ಯಾಡಿ ಸ್ವಾಮಿ. ಅದ ಬಿಚ್ಚುದ್ರೆ ನಾವೂ ನೆಂದೋಯ್ತೀವಿ. ನಮ್ ಮೈಲಿಗೇನೂ ತೊಳ್ಕೊಂಡೋಗ್ಬುಟ್ರೆ, ಆಮ್ಯಾಕೆ ನೀವು ಯಾರ್ನ ನೋಡಿ ದೂರ ನಿಂತ್ಕತೀರಿ?”