ಯಾರೂ ಹಿಡಿಯದ ಆಟಗಾರ

ಹೃದಯದ ವಿಷಯಕ್ಕೆ ಬಂದರೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಎಲ್ಲರೂ ಡಾಕ್ಟರುಗಳೇ, ಅನುಮಾನವಿರುವುದು ಡಾಕ್ಟರಿಗೆ ಮಾತ್ರ. ಅರವತ್ತರ ದಶಕದಲ್ಲಿ ನಾನು ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ಬಿ.ಎಸ್ಸಿ. ಓದಿದವನೆಂದು ನಾಲ್ಕೂ ತಾಲ್ಲೂಕಿನ ಕಬಡ್ಡಿ ಪಂದ್ಯಗಳಿಗೆ ಅಂಪೈರ್ ಮಾಡಿದರು. ಎರಡಕ್ಕೂ ಏನು ಸಂಬಂಧವೋ ಇವತ್ತಿಗೂ ತಿಳಿದಿಲ್ಲ. ಅಂತೂ ಈ ಪ್ರಸಂಗಗಳು ನನ್ನ ಕಣ್ಣೆದುರಿಗೇ ನಡೆದವು.

೧. ಲೆಕ್ಕ

ಬಡವನಹಳ್ಳಿಯ ಕಂಬಳಿ ನೇಕಾರನೊಬ್ಬ ಮಧುಗಿರಿ ತಂಡದಲ್ಲಿದ್ದ. ಒಂದು ದಿನ ಅಭ್ಯಾಸದ ನಡುವೆ ಏದುಸಿರು ಬಿಡುತ್ತಾ ಕುಳಿತುಬಿಟ್ಟ. ಡಾಕ್ಟರ ಬಳಿ ಕರೆದೊಯ್ದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

“ಹೃದಯದೊಳಗಿನ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲಪ್ಪ.”

“ಇಪ್ಪತ್ತಾರು ವರ್ಸದಿಂದ ಕಳ್ಳರು ನುಗ್ಗಿಲ್ವಲ್ಲ, ಬುಡಿ ಸಾ.”

ಆಟವೇ ಬೇಡವೆಂದೆ ನಾನು. ಆಟ ಬಿಡಿಸಿದರೆ ಮಗ್ಗದ ಮುಂದೆಯೇ ಸಾಯುತ್ತೇನೆಂದ ಅವನು. ಡಾಕ್ಟರು ಯೋಚಿಸಿ, ಪಂದ್ಯಕ್ಕೆ ಮೂರೇ ದಾಳಿ, ಉಸಿರು ಕಟ್ಟಿದರೆ ಕೂಡಲೇ ಹೊರಗೆ, ಎಂದು ಷರತ್ತು ಹಾಕಿದರು.

“ಮೂರೇನಾ? ಎದುರಿಗೆ ಏಳು ಜನ ಇರ್ತಾರೆ ಸಾ. ಒಂದೊಂದ್ ಸಲಕ್ಕೆ ಇಬ್ಬಿಬ್ರು ಬಿದ್ರೂ ಒಬ್ಬ ಉಳ್ಕತಾನೆ!”

೨. ಸೀಟಿ

ಷರತ್ತು ಕಾಯಲು ಅವನ ಹೆಂಡತಿ ಮೂರು ಕಲ್ಲು ಹಿಡಿದು ಅಂಕಣದ ಪಕ್ಕದಲ್ಲೇ ಕುಳಿತಳು. ದಾಳಿ ಮುಗಿದಾಗೊಂದು ಕಲ್ಲು ಪಕ್ಕಕ್ಕೆ ಎಸೆಯುವಳು. ಸಿರಾ ತಂಡದ ವಿರುದ್ಧದ ಪಂದ್ಯದಲ್ಲಿ ಮೂರನೆಯ ಕಲ್ಲು ಬಿದ್ದದ್ದೇ ತಡ, ನೆಟ್ಟಗೆ ಒಳಗೆ ಬಂದು ಗಂಡನ ರಟ್ಟೆ ಹಿಡಿದು ಎಳೆದಳು. ನಾನು ಸೀಟಿ ಊದಿದೆ.

“ಹೊರಗಿನವರು ಒಳಗೆ ಬರಬಾರದಮ್ಮ!”

“ಸೀಟಿ ನಿಮ್ದು ಸಾ. ಗಂಡ ನನ್ನೋನು.”



೩. ಹಸಿ ಮಡಕೆ

ಅವನ ಹೃದಯದ ಸುದ್ದಿ ಹಬ್ಬಿತು. ಕೊರಟಗೆರೆಯವರು ಅವನು ಒಳಗೆ ಕಾಲಿಟ್ಟರೆ ಸಾಕು, ಹಿಂದಕ್ಕೆ ಸರಿದು ಗೋಡೆಯಂತೆ ನಿಲ್ಲುತ್ತಿದ್ದರು. ಅವನು ಮುಟ್ಟಿ ಬಂದ, ಯಾರೂ ಹಿಡಿಯಲಿಲ್ಲ.

“ಹಿಡೀರ್ಲಾ!” ಎಂದು ಅವನೇ ಗದರಿದ.

“ನೀನು ಸತ್ತೋದ್ರೆ ಸ್ಟೇಷನ್‌ಗೆ ನಾವು ಅಲೀಬೇಕಾ? ಹೋಗಣ್ಣ!”

ನಾವು ಗೆದ್ದೆವು. ಅವನು ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತ. “ನಾನೇನು ಹಸಿ ಮಡಕೆನಾ ಸಾ? ಇನ್ಮೇಲೆ ಆಡಲ್ಲ.”

ನಮ್ಮ ಕ್ಯಾಪ್ಟನ್, ಸಿರಾ ಮೂಲದ ಬಳೆ ವ್ಯಾಪಾರಿ, ಕೈಮುಗಿದ: “ಅರೆ ಭಾಯ್, ನಿನ್ನನ್ನ ಮುಟ್ಟಲ್ಲ ಅಂತಾನೇ ನಾವು ಫೈನಲ್‌ಗೆ ಬಂದಿರೋದು!”

ಸಮಾಧಾನ ಹೇಳುವುದರಲ್ಲಿ ಅವನಷ್ಟು ದಡ್ಡನನ್ನು ನಾನು ಕಂಡಿಲ್ಲ.

೪. ಫೈನಲ್

ಎದುರಾಳಿ ಪಾವಗಡ. ಹಿಡಿದರಷ್ಟೇ ಆಡುತ್ತೇನೆಂದು ನೇಕಾರ ಪಂದ್ಯಕ್ಕೆ ಮುಂಚೆ ಅವರ ಬಳಿಗೇ ಹೋಗಿ ಹರಕು ತೆಲುಗಿನಲ್ಲಿ ಬೇಡಿಕೊಂಡ: “ಪಟ್ಟುಕೋಂಡಿ ಅಣ್ಣಾ, ಹಿಡೀರಿ!” ಅವರು ಪಂದ್ಯಕ್ಕೆ ಬಂದಿದ್ದ ಡಾಕ್ಟರ ಮುಖ ನೋಡಿದರು. ಡಾಕ್ಟರು ರೇಗಿದರು: “ಹಿಡೀರಯ್ಯಾ! ಔಟಾದರೆ ತಾನೇ ಅವನು ಕೂತು ಸುಧಾರಿಸಿಕೊಳ್ಳೋದು!”

ಎರಡೂ ಕಡೆ ಅಂಕ ಸಮ. ಕೊನೆಯ ದಾಳಿ, ಅವನ ಮೂರನೆಯದು. ಪಾವಗಡದ ದಢೂತಿಯೊಬ್ಬ ಅವನ ಸೊಂಟಕ್ಕೆ ಕೈ ಹಾಕಿದ. ಇನ್ನೂ ನಾಲ್ವರು ಮೇಲೆ ಬಿದ್ದರು. ರಾಶಿಯೊಳಗಿಂದ “ಕಬಡ್ಡಿ ಕಬಡ್ಡಿ” ಸಣ್ಣಗಾಗುತ್ತಾ ನಿಂತೇಹೋಯಿತು. ಹೆಂಡತಿ ಎದ್ದು ನಿಂತಳು. ಡಾಕ್ಟರು ಓಡಿದರು. ನಾನು ಸೀಟಿ ಊದುವುದನ್ನೇ ಮರೆತೆ.

ಅಷ್ಟರಲ್ಲಿ ಕೆಳಗಿಂದ ಧ್ವನಿ ಬಂತು: “ಎಡಗಾಲು ಬುಟ್ಬುಟ್ಟಿದೀರ ಕಣ್ರೋ, ಜಾರ್ಕಂಡ್ಬುಡ್ತೀನಿ, ಹಿಡ್ಕಳ್ರಿ!”

ಕಬಡ್ಡಿ ನಿಲ್ಲಿಸಿದವನು ಔಟು. ಕಪ್ ಪಾವಗಡಕ್ಕೆ ಹೋಯಿತು. ನಮ್ಮ ಕ್ಯಾಪ್ಟನ್ ತಲೆ ಚಚ್ಚಿಕೊಂಡ. ಡಾಕ್ಟರು ನಾಡಿ ಹಿಡಿದಿರುವಾಗಲೇ ನೇಕಾರ ಮಣ್ಣು ಮೆತ್ತಿದ ಮುಖದಲ್ಲಿ ಹೆಂಡತಿಯತ್ತ ಕೂಗಿದ:

“ನೋಡಿದ್ಯೇನೇ? ಐದ್ ಜನ ಬೇಕಾಯ್ತು ಕಣೇ!”